ಬಿಟ್ಟ ಮೀನಿನ ಬೆಲೆ

ಇಂಗ್ಲೆಂಡಿನ ಡರ್ಬಿಶೈರ್ ಮತ್ತು ಸ್ಟಾಫರ್ಡ್‌ಶೈರ್ ಸೀಮೆಗಳ ಗಡಿಯಲ್ಲಿ ಹರಿಯುವ ಡವ್ ನದಿಯ ದಡದ ಮೇಲೆ 1674ರಲ್ಲಿ ಕಟ್ಟಿದ ಚಿಕ್ಕದೊಂದು ಕಲ್ಲಿನ ಮನೆ ಇಂದಿಗೂ ನಿಂತಿದೆ. ಅದು ವಾಸಕ್ಕಾಗಿ ಕಟ್ಟಿದ ಮನೆಯಲ್ಲ. ಮೀನು ಹಿಡಿಯಲು ಬಂದವರು ಮಳೆಗಾಳಿಗೆ ತಂಗುವುದಕ್ಕೆ, ಉಂಡು ಹರಟುವುದಕ್ಕೆ ಮಾಡಿಕೊಂಡ ತಾಣ. ಬಾಗಿಲ ಮೇಲೆ ಇಬ್ಬರ ಹೆಸರಿನ ಮೊದಲಕ್ಷರಗಳನ್ನು ಒಂದರೊಳಗೊಂದು ಹೆಣೆದು ಕೆತ್ತಿಸಲಾಗಿದೆ. ಒಬ್ಬ ಐಸಾಕ್ ವಾಲ್ಟನ್, ಇನ್ನೊಬ್ಬ ಚಾರ್ಲ್ಸ್ ಕಾಟನ್. ವಾಲ್ಟನ್ ಲಂಡನ್ನಿನಲ್ಲಿ ವ್ಯಾಪಾರ ಮಾಡಿ ಬದುಕು ಕಟ್ಟಿಕೊಂಡವನು. ಕಾಟನ್ ಸಾಲದ ಹೊರೆ ಹೊತ್ತಿದ್ದ ಜಮೀನುದಾರ, ಕವಿ. ಇಬ್ಬರ ನಡುವೆ 37 ವರ್ಷಗಳ ಅಂತರವಿತ್ತು, ರಕ್ತಸಂಬಂಧವಿರಲಿಲ್ಲ. ಆದರೂ ಕಾಟನ್ ವಾಲ್ಟನ್‌ನನ್ನು ತಂದೆಯೆಂದೇ ಸಂಬೋಧಿಸಿದ, ವಾಲ್ಟನ್ ಅವನನ್ನು ಮಗನೆಂದೇ ಸ್ವೀಕರಿಸಿದ. ಈ ಬಾಂಧವ್ಯಕ್ಕೆ ಸಾಕ್ಷಿಯಾಗಿದ್ದುದು ಡವ್ ನದಿ ಮತ್ತು ಅದರೊಳಗಿನ ಟ್ರೌಟ್ ಮೀನು.

ವಾಲ್ಟನ್‌ನ ‘ದಿ ಕಂಪ್ಲೀಟ್ ಆಂಗ್ಲರ್’ ಮೊದಲು ಪ್ರಕಟವಾದದ್ದು 1653ರಲ್ಲಿ. 1676ರ ಐದನೆಯ ಆವೃತ್ತಿಗೆ ಕಾಟನ್ ಎರಡನೆಯ ಭಾಗವೊಂದನ್ನು ಬರೆದು ಸೇರಿಸಿದ. ಕೊಕ್ಕೆಗೆ ಹಕ್ಕಿಯ ಗರಿ, ಉಣ್ಣೆ, ರೇಷ್ಮೆಯ ಎಳೆ ಸುತ್ತಿ ನೊಣದ ಆಕಾರ ಕೊಟ್ಟು ಮೀನನ್ನು ಹಿಡಿಯುವ ವಿದ್ಯೆ ಅದರ ವಸ್ತು. ಫ್ಲೈ ಫಿಶಿಂಗ್ ಎಂಬ ಈ ವಿದ್ಯೆಯನ್ನು ಕನ್ನಡದಲ್ಲಿ ‘ನೊಣಗಾಳ’ ಎಂದರೆ ಅರ್ಥಕ್ಕೆ ಊನವಾಗದು. ಇದು ಕಾಟನ್ ಕಂಡುಹಿಡಿದ ವಿದ್ಯೆಯೇನೂ ಅಲ್ಲ. ಮ್ಯಾಸಿಡೋನಿಯದ ಜನರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಗರಿ ಕಟ್ಟಿ ಮೀನು ಹಿಡಿಯುತ್ತಿದ್ದುದನ್ನು ರೋಮಿನ ಲೇಖಕ ಈಲಿಯನ್ ಸುಮಾರು ಹದಿನೆಂಟು ಶತಮಾನಗಳ ಹಿಂದೆಯೇ ದಾಖಲಿಸಿದ್ದಾನೆ. 1496ರಲ್ಲಿ ಅಚ್ಚಾದ, ಜೂಲಿಯಾನ ಬರ್ನರ್ಸ್ ಎಂಬ ಸನ್ಯಾಸಿನಿಯ ಹೆಸರಿಗೆ ದುರ್ಬಲ ಆಧಾರಗಳ ಮೇಲೆ ಸಲ್ಲಿಸಲಾಗಿರುವ ಗ್ರಂಥದಲ್ಲಿ ಹನ್ನೆರಡು ನೊಣಗಳ ವಿವರಣೆಯಿದೆ. ಆ ಹಳೆಯ ಗ್ರಂಥದ ನೊಣಗಳು ಮಾರ್ಚ್ ತಿಂಗಳಿನಿಂದ ಆರಂಭವಾಗಿ ಆಗಸ್ಟಿಗೆ ಮುಗಿಯುತ್ತವೆ. ಕಾಟನ್‌ನ ಪಟ್ಟಿ ಜನವರಿಯಿಂದ ಆರಂಭವಾಗುತ್ತದೆ. ವಸಂತ, ಗ್ರೀಷ್ಮಗಳ ಸುಖವೆಂದು ತಿಳಿಯಲಾಗಿದ್ದ ಕ್ರೀಡೆಯೊಂದನ್ನು ಹಿಮದ ತಿಂಗಳಿಗೆ ಹಿಂದೂಡಿದವರಲ್ಲಿ ಈ ಸಾಕುಮಗ ಮುಖ್ಯನಾದವನು.

ಚಳಿಗಾಲ, ನೊಣಗಾಳ, ಕುಟುಂಬ ಈ ಮೂರೂ ಒಂದೆಡೆ ಸೇರುವ ವಿಷಯವನ್ನು ಹವ್ಯಾಸಿಗಳ ಕಾಲಕ್ಷೇಪವೆಂದು ಸಾಹಿತ್ಯದ ಅಭ್ಯಾಸಿಗಳು ಕಡೆಗಣಿಸುವುದುಂಟು. ಅಮೆರಿಕದ ಕಥನಸಾಹಿತ್ಯವನ್ನು ಓದುವವರಿಗೆ ಅದು ಸಾಧ್ಯವಿಲ್ಲ. ಆದರೆ ಓದುವವರೂ ಈ ಬರಹಗಳಲ್ಲಿ ನದಿಯನ್ನು ಕಾಲದ ಸಂಕೇತವಾಗಿ, ಮೀನನ್ನು ಕೃಪೆಯ ಅಥವಾ ಆತ್ಮದ ಸಂಕೇತವಾಗಿ ಗ್ರಹಿಸಿ ಅಲ್ಲಿಗೇ ನಿಲ್ಲುತ್ತಾರೆ. ಮೀನು ಸಂಕೇತವಾದ ಕ್ಷಣದಲ್ಲಿ ಅದರ ತುಟಿಗೆ ಚುಚ್ಚಿದ ಕೊಕ್ಕೆಯೂ ಸಂಕೇತವಾಗಿಬಿಡುತ್ತದೆ; ಸಂಕೇತಕ್ಕೆ ನೋವಿಲ್ಲ. ಈ ಓದು ಅರ್ಧ ಮಾತ್ರ ಎಂಬುದು ಪ್ರಸ್ತುತ ಲೇಖನದ ವಾದ. ಆ ಅರ್ಧವನ್ನು ತುಂಬಿಕೊಳ್ಳಲು ಬೇಕಾದ ಸಾಮಗ್ರಿ ಕನ್ನಡದ ವಿದ್ವತ್ತಿಗೆ ಪರಿಚಿತವಾದ ಗ್ರಂಥಗಳಲ್ಲೇ ಇದೆ.

ಮೊದಲು ಚಳಿಗಾಲದ ನದಿಯನ್ನು ನೋಡಬೇಕು. ಅಮೆರಿಕದ ಮೊಂಟಾನ ಸಂಸ್ಥಾನವನ್ನೇ ತೆಗೆದುಕೊಳ್ಳಬಹುದು. ಟ್ರೌಟ್ ಶೀತರಕ್ತದ ಜೀವಿ. ನೀರು ತಣ್ಣಗಾದಂತೆ ಅದರ ಜೀವವ್ಯಾಪಾರವೆಲ್ಲ ನಿಧಾನವಾಗುತ್ತದೆ. ಬೇಸಗೆಯಲ್ಲಿ ರಭಸದ ಸೆಳವಿನಲ್ಲಿ ನಿಂತು ತೇಲಿಬರುವ ಹುಳುಗಳಿಗೆ ಎಗರುತ್ತಿದ್ದ ಮೀನು ಈಗ ಮಡುವಿನ ತಳಕ್ಕೆ ಇಳಿದು, ಆದಷ್ಟು ಕಡಿಮೆ ಅಲುಗುತ್ತ ಕಾಲ ಕಳೆಯುತ್ತದೆ. ಆಹಾರ ಮೂಗಿನ ಮುಂದೆಯೇ ಹಾದುಹೋದರೆ ಬಾಯಿ ತೆರೆಯುತ್ತದೆ, ಒಂದು ಮಾರು ದೂರ ಹೋದರೆ ಬಿಟ್ಟುಬಿಡುತ್ತದೆ. ಆ ದಿನಗಳಲ್ಲಿ ನೀರಿನಿಂದ ಏಳುವ ಹುಳುಗಳೆಂದರೆ ಹೆಚ್ಚಾಗಿ ನೊರಜುಗಳು. ಅವನ್ನು ಅನುಕರಿಸುವ ಕೃತಕ ನೊಣ ಅಕ್ಕಿಕಾಳಿಗಿಂತ ಚಿಕ್ಕದು; ಚಳಿಗೆ ಮರಗಟ್ಟಿದ ಬೆರಳುಗಳಿಂದ ಅದರ ಕಣ್ಣಿಗೆ ದಾರ ಪೋಣಿಸುವುದೇ ಒಂದು ಪರೀಕ್ಷೆ. ದಾರ ಹಾದುಹೋಗುವ ಕೋಲಿನ ಬಳೆಗಳಲ್ಲಿ ನೀರು ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತದೆ. ಹತ್ತು ಬಾರಿ ಎಸೆಯುವುದರೊಳಗೆ ಒಮ್ಮೆ ನಿಂತು ಅದನ್ನು ಉಗುರಿನಿಂದ ಕೆರೆದು ತೆಗೆಯಬೇಕು. ಬಿಸಿಲಿಗೆ ಸ್ವಲ್ಪವಾದರೂ ಕಸುವಿರುವುದು ಮಧ್ಯಾಹ್ನದ ಮೂರು ನಾಲ್ಕು ಗಂಟೆಗಳ ಕಾಲ. ಆದ್ದರಿಂದ ಬೇಸಗೆಯ ಬೆಸ್ತನಂತೆ ಕತ್ತಲಿರುವಾಗಲೇ ಏಳುವ ಅಗತ್ಯವಿಲ್ಲ. ಮನೆಯವರೆಲ್ಲ ಉಂಡು, ಬೆಚ್ಚಗೆ ಹೊದ್ದು, ಹೊತ್ತು ಏರಿದ ಮೇಲೆ ಹೊರಡಬಹುದು.

ಚಳಿಗಾಲದ ಗಾಳಕ್ಕೂ ಕುಟುಂಬಕ್ಕೂ ಇರುವ ನಂಟು ಭಾವುಕ ಕಲ್ಪನೆಯಲ್ಲ, ಪರಿಸ್ಥಿತಿಯಿಂದಲೇ ಹುಟ್ಟಿದ್ದು ಎಂಬುದನ್ನು ಇಲ್ಲಿ ಗಮನಿಸಬೇಕು. ಪ್ರವಾಸಿಗಳು ಹೋಗಿರುತ್ತಾರೆ, ನದಿ ಖಾಲಿಯಾಗಿರುತ್ತದೆ. ಮಗುವಿನ ಕೋಲಿನ ಮಂಜನ್ನು ಕೆರೆದುಕೊಡಲು ತಾಯಿ ಬೇಕು. ಕೊಕ್ಕೆ ಕಟ್ಟಿಕೊಡಲು ಹಿರಿಯರ ಕಣ್ಣಿಗಿಂತ ಕಿರಿಯರ ಕಣ್ಣು ಬೇಕು. ಎಡವಿ ನೀರಿಗೆ ಬಿದ್ದವನು ಒಂಟಿಯಾಗಿದ್ದರೆ ಚಳಿಯೇ ಪ್ರಾಣಕ್ಕೆರವಾಗಬಹುದಾದ್ದರಿಂದ ಜೊತೆ ಎಂಬುದು ಇಲ್ಲಿ ರಕ್ಷಣೆಯೂ ಹೌದು. ದೊಡ್ಡ ಅಣೆಕಟ್ಟುಗಳ ಕೆಳಗಿನ ಹರಿವು ಹಿಮಗಟ್ಟುವುದು ಅಪರೂಪ, ಏಕೆಂದರೆ ಜಲಾಶಯದ ತಳದಿಂದ ಬಿಡುವ ನೀರು ಸುತ್ತಲಿನ ಗಾಳಿಗಿಂತ ಬೆಚ್ಚಗಿರುತ್ತದೆ. ಯೆಲ್ಲೋಟೇಲ್ ಅಣೆಕಟ್ಟಿನ ಕೆಳಗಿನ ಬಿಗ್‌ಹಾರ್ನ್ ನದಿ ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಪ್ರಕೃತಿಯ ಮಡಿಲಿಗೆ ಹೋಗುತ್ತೇವೆಂದು ಹೊರಟ ಸಂಸಾರವೊಂದು ವಾಸ್ತವದಲ್ಲಿ ಕಾಂಕ್ರೀಟಿನ ಕೃಪೆಯಿಂದ ಚಳಿಗಾಲದ ಗಾಳ ಹಾಕುತ್ತಿರುತ್ತದೆ. ಆ ಕ್ರೀಡೆಯ ವರ್ಣನೆಗಳಲ್ಲಿ ಇದು ಮುನ್ನೆಲೆಗೆ ಬರುವುದು ಕಡಿಮೆ.

ಕುಟುಂಬ ಮತ್ತು ನೊಣಗಾಳ ಎಂದೊಡನೆ ನೆನಪಾಗುವ ಕೃತಿ ನಾರ್ಮನ್ ಮೆಕ್ಲೀನನ ‘ಎ ರಿವರ್ ರನ್ಸ್ ಥ್ರೂ ಇಟ್’. 1976ರಲ್ಲಿ, ಎಂದರೆ ಕಾಟನ್‌ನ ಭಾಗ ಪ್ರಕಟವಾಗಿ ಸರಿಯಾಗಿ 300 ವರ್ಷಗಳ ಮೇಲೆ, ಷಿಕಾಗೋ ವಿಶ್ವವಿದ್ಯಾಲಯದ ಮುದ್ರಣಾಲಯ ಇದನ್ನು ಹೊರತಂದಿತು. ಆ ಸಂಸ್ಥೆ ಪ್ರಕಟಿಸಿದ ಮೊದಲ ಸ್ವತಂತ್ರ ಕಥಾಸಾಹಿತ್ಯ ಇದು. ಲೇಖಕ ಅದೇ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸಿ ನಿವೃತ್ತನಾಗಿದ್ದ, ವಯಸ್ಸು ಎಪ್ಪತ್ತು ದಾಟಿತ್ತು. ತಾನು ಮಕ್ಕಳಿಗೆ ಹೇಳುತ್ತಿದ್ದ ಕಥೆಗಳನ್ನು ಬರೆದಿಡುವಂತೆ ಅವರೇ ಪ್ರೇರೇಪಿಸಿದರೆಂದು ಅವನು ಹೇಳಿಕೊಂಡಿದ್ದಾನೆ. ಹಾಗಾಗಿ ಕೃತಿಯ ಹುಟ್ಟೇ ಮನೆಯೊಳಗಿನದು. ಅವನ ಮಗ ಜಾನ್ ಮೆಕ್ಲೀನ್ 2021ರಲ್ಲಿ ‘ಹೋಮ್ ವಾಟರ್ಸ್’ ಎಂಬ ಹೆಸರಿನಿಂದ ಅದೇ ಮನೆತನದ, ಅದೇ ನದಿಯ ವೃತ್ತಾಂತವನ್ನು ಮುಂದುವರಿಸಿದ.

ಕಥೆಯ ತಂದೆ ಮೊಂಟಾನದ ಮಿಸೂಲ ಊರಿನ ಪ್ರೆಸ್ಬಿಟೀರಿಯನ್ ಪಾದ್ರಿ. ಆ ಮನೆಯಲ್ಲಿ ಧರ್ಮೋಪದೇಶಕ್ಕೂ ನೊಣಗಾಳಕ್ಕೂ ಸ್ಪಷ್ಟವಾದ ಗೆರೆಯಿಲ್ಲ. ಸಂಗೀತ ಕಲಿಸುವವರು ಬಳಸುವ ಮೆಟ್ರೊನೋಮ್ ಯಂತ್ರವನ್ನು ಇಟ್ಟು, ನಾಲ್ಕು ಎಣಿಕೆಯ ತಾಳಕ್ಕೆ ಸರಿಯಾಗಿ ದಾರ ಎಸೆಯುವುದನ್ನು ಅವನು ಇಬ್ಬರು ಗಂಡುಮಕ್ಕಳಿಗೆ ಕಲಿಸುತ್ತಾನೆ. ನೊಣಗಾಳದಲ್ಲಿ ಕೊಕ್ಕೆಗೆ ತೂಕವಿಲ್ಲ. ದಾರದ ತೂಕವೇ ಅದನ್ನು ಒಯ್ಯಬೇಕು. ತಾಳ ತಪ್ಪಿದರೆ ದಾರ ತಲೆಯ ಮೇಲೆಯೇ ಕುಸಿಯುತ್ತದೆ. ನಮ್ಮಲ್ಲಿ ಮೃದಂಗದ ಗುರು ತೊಡೆಯ ಮೇಲೆ ತಾಳ ತಟ್ಟಿ ಶಿಷ್ಯನ ಕೈಯನ್ನು ಪಳಗಿಸುವ ಬಗೆ ನೆನಪಾಗದೆ ಇರದು. ಹಿರಿಯ ಮಗ, ಕಥೆಯ ನಿರೂಪಕ, ಚೆನ್ನಾಗಿ ಕಲಿಯುತ್ತಾನೆ. ಕಿರಿಯ ಪಾಲ್ ಕಲಿತದ್ದನ್ನು ಮೀರಿ ತನ್ನದೇ ಲಯವನ್ನು ಕಂಡುಕೊಳ್ಳುತ್ತಾನೆ. ನದಿಯಲ್ಲಿ ಅವನು ಅಸಾಧಾರಣ. ದಡಕ್ಕೆ ಬಂದರೆ ಕುಡಿತ, ಜೂಜು, ಸಾಲ, ಜಗಳ. ಅವನಿಗೆ ಹೇಗಾದರೂ ನೆರವಾಗಬೇಕೆಂದು ತಂದೆ, ಅಣ್ಣ ಇಬ್ಬರೂ ಹಂಬಲಿಸುತ್ತಾರೆ. ಹೇಗೆಂದು ಇಬ್ಬರಿಗೂ ತಿಳಿಯದು. ಕೇಳಲೂ ಬಾರದು. ಕೊನೆಗೆ ಅವರಿಗೆ ಹೊಳೆಯುವ ಉಪಾಯ ಒಂದೇ, ಜೊತೆಯಾಗಿ ಗಾಳ ಹಾಕಲು ಹೋಗುವುದು. ಅದಾದ ಮೇಲೆ ಪಾಲ್‌ನನ್ನು ಯಾರೋ ಬಡಿದು ಕೊಂದು ಬಿಸುಟಿರುತ್ತಾರೆ. ಅವನ ಕೈಯ ಮೂಳೆಗಳು ಮುರಿದಿದ್ದವೆಂದು ಹಿರಿಯ ಮಗ ತಿಳಿಸಿದಾಗ ತಂದೆ ಕೇಳುವುದು ಯಾವ ಕೈ ಎಂದು. ಬಲಗೈ.

ಈ ಒಂದು ಪ್ರಶ್ನೆಯಲ್ಲಿ ಕೃತಿಯ ಶಕ್ತಿ, ಮಿತಿ ಎರಡೂ ಅಡಗಿವೆ. ಮಗನನ್ನು ಕುರಿತು ತಂದೆಗೆ ತಿಳಿದಿದ್ದುದು ಅವನ ಕೈ; ತಾನು ತಾಳ ಹಾಕಿ ಕಲಿಸಿದ ಕೈ. ಬಾಯಲ್ಲಿ ಬರದ ಅಕ್ಕರೆಯನ್ನು ಆ ಮನೆಯ ಗಂಡಸರು ವಿದ್ಯೆಯ ಮೂಲಕ ಹಸ್ತಾಂತರಿಸಿದರು. ವಿದ್ಯೆ ಉಳಿಯಿತು, ಹುಡುಗ ಉಳಿಯಲಿಲ್ಲ. ಇದನ್ನು ನಿಸರ್ಗಸ್ತುತಿಯೆಂದು ಓದುವುದು ಕೃತಿಗೆ ಮಾಡುವ ಅನ್ಯಾಯ. ಮತ್ತೊಂದು ಕೊರತೆಯನ್ನೂ ಹೇಳಬೇಕು. ಈ ನದಿಯಲ್ಲಿ ಹೆಂಗಸರಿಲ್ಲ. ತಾಯಿ, ಹೆಂಡತಿ, ಅತ್ತೆ ಎಲ್ಲರೂ ಮನೆಯಲ್ಲಿ ಕಾಯುತ್ತಾರೆ. ಅವರಿಗಿರುವ ದುಃಖ ಗಂಡಸರದಕ್ಕಿಂತ ಕಡಿಮೆಯಲ್ಲ, ಅದನ್ನು ಎಸೆಯಲು ಅವರ ಕೈಯಲ್ಲಿ ದಾರವಿಲ್ಲ ಅಷ್ಟೆ. ಹೆಂಡತಿಯ ತಮ್ಮ ನೀಲ್ ಕಾಫಿಡಬ್ಬಿಯಲ್ಲಿ ಎರೆಹುಳು ತುಂಬಿಕೊಂಡು ಬಂದದ್ದಕ್ಕೆ ಅಣ್ಣತಮ್ಮಂದಿರು ಪಡುವ ತಿರಸ್ಕಾರ ಓದುಗನಿಗೆ ನಗು ತರಿಸಿದರೂ, ಅದರಲ್ಲಿ ಒಂದು ಬಗೆಯ ಜಾತಿಪದ್ಧತಿಯೇ ಇದೆ. ಕೃತಕ ನೊಣದವನು ಮೇಲು, ಹುಳುವಿನವನು ಕೀಳು.

ಕಥೆಯ ಮುಖ್ಯ ಘಟನೆಗಳು ನಡೆಯುವುದು 1937ರ ಬೇಸಗೆಯಲ್ಲಿ. ಆಗ ಹಿಡಿದ ಮೀನನ್ನು ಕೊಲ್ಲುತ್ತಿದ್ದರು. ಬುಟ್ಟಿ ತುಂಬಿಸಿ ಮನೆಗೆ ತರುತ್ತಿದ್ದರು. ಅದಾಗಿ ಎರಡು ವರ್ಷಗಳಿಗೆ, 1939ರಲ್ಲಿ, ಲೀ ವುಲ್ಫ್ ಎಂಬ ಪ್ರಸಿದ್ಧ ಗಾಳಗಾರ ತನ್ನ ಕೈಪಿಡಿಯೊಂದರಲ್ಲಿ, ಇಂಥ ಮೀನು ಒಮ್ಮೆ ಮಾತ್ರ ಹಿಡಿದು ಮುಗಿಸಿಬಿಡಲಾಗದಷ್ಟು ಬೆಲೆಯುಳ್ಳದ್ದು ಎಂಬ ವಾದವನ್ನು ಮುಂದಿಟ್ಟ. ಹಿಡಿದು ಬಿಟ್ಟುಬಿಡು ಎಂಬ ಪದ್ಧತಿ ಕ್ರಮೇಣ ಅಮೆರಿಕದ ನೊಣಗಾಳದ ಧರ್ಮವೇ ಆಯಿತು. 1974ರಲ್ಲಿ ಮೊಂಟಾನ ಸಂಸ್ಥಾನ ತನ್ನ ನದಿಗಳಿಗೆ ಸಾಕಿದ ಟ್ರೌಟ್ ತಂದು ಬಿಡುವುದನ್ನು ಬಹುಮಟ್ಟಿಗೆ ನಿಲ್ಲಿಸಿ, ನದಿಯಲ್ಲೇ ಹುಟ್ಟಿ ಬೆಳೆಯುವ ಮೀನಿಗೆ ಪ್ರಾಶಸ್ತ್ಯ ಕೊಟ್ಟ ಮೇಲೆ ಬಿಡುವುದರ ಮಹತ್ವ ಇನ್ನೂ ಹೆಚ್ಚಿತು. ಇಂದು ಮಕ್ಕಳನ್ನು ಕರೆದುಕೊಂಡು ಹೋಗುವ ತಂದೆತಾಯಿಗಳು ಮೊದಲು ಕಲಿಸುವುದೇ ಬಿಡುವ ಕ್ರಮವನ್ನು. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಬೇಕು. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು, ಇಲ್ಲವಾದರೆ ಮೈಮೇಲಿನ ಲೋಳೆ ಕಿತ್ತುಬಂದು ಆ ಜಾಗಕ್ಕೆ ಬೂಷ್ಟು ಹಿಡಿಯುತ್ತದೆ. ಹೆಮಿಂಗ್ವೇಯ ‘ಬಿಗ್ ಟೂ ಹಾರ್ಟೆಡ್ ರಿವರ್’ ಕಥೆಯ ನಿಕ್ ಈ ನಿಯಮವನ್ನು ಪಾಲಿಸುತ್ತಾನೆ. ಆದರೆ ಅವನು ಒಂಟಿ. ಅವನ ಎರೆಯೂ ನೊಣವಲ್ಲ, ಜೀವಂತ ಮಿಡತೆ. ಮೆಕ್ಲೀನ್ ಮನೆಯವರು ಅವನನ್ನು ಪಂಕ್ತಿಗೆ ಸೇರಿಸುತ್ತಿದ್ದರೋ ಇಲ್ಲವೋ! ಚಳಿಗಾಲಕ್ಕೆ ಮತ್ತೊಂದು ಕಟ್ಟಳೆ ಸೇರುತ್ತದೆ. ಗಾಳಿಯ ಉಷ್ಣತೆ ಸೊನ್ನೆಗಿಂತ ಕೆಳಗಿದ್ದಾಗ ಮೀನನ್ನು ನೀರಿನಿಂದ ಎತ್ತಲೇಬಾರದು. ಭಾವಚಿತ್ರಕ್ಕೆಂದು ಎತ್ತಿದ ಕೆಲವು ಕ್ಷಣಗಳಲ್ಲೇ ಕಿವಿರಿನ ನವುರಾದ ಎಳೆಗಳು ಹೆಪ್ಪುಗಟ್ಟಬಹುದು.

ಇಷ್ಟು ಜಾಗರೂಕತೆಯಿಂದ ಬಿಟ್ಟ ಮೇಲೆ ಕೈ ಶುದ್ಧವಾಯಿತೆಂದು ಆ ಮನೆಯವರು ನಂಬುತ್ತಾರೆ. ಈ ನಂಬಿಕೆಗೆ ಪಶ್ಚಿಮದಲ್ಲೇ ಎದುರು ಮಾತುಗಳಿವೆ. ಬೈರನ್ ತನ್ನ ‘ಡಾನ್ ಜುವಾನ್’ ಕಾವ್ಯದ 13ನೆಯ ಸರ್ಗದಲ್ಲಿ ವಾಲ್ಟನ್‌ನನ್ನು ಕ್ರೂರಿಯೆಂದು ಜರೆದ. ಅಲ್ಲಿಯ ಟಿಪ್ಪಣಿಯಲ್ಲಿ ಬಲೆ ಬೀಸಿ ಮೀನು ಹಿಡಿಯುವುದೇ ಗಾಳಕ್ಕಿಂತ ಹೆಚ್ಚು ದಯೆಯುಳ್ಳದ್ದು, ಹೆಚ್ಚು ಉಪಯುಕ್ತವಾದದ್ದು ಎಂಬ ಅಭಿಪ್ರಾಯ ಕೊಟ್ಟ. ಜರ್ಮನಿಯ ಪ್ರಾಣಿರಕ್ಷಣಾ ಕಾನೂನು ಸಕಾರಣವಿಲ್ಲದೆ ಪ್ರಾಣಿಗೆ ನೋವುಂಟುಮಾಡುವುದನ್ನು ನಿಷೇಧಿಸುತ್ತದೆ. ಊಟಕ್ಕಾಗಿ ಹಿಡಿಯುವುದು ಸಕಾರಣ, ಬಿಡುವುದಕ್ಕಾಗಿಯೇ ಹಿಡಿಯುವುದು ಸಕಾರಣವಲ್ಲ ಎಂಬುದು ಅಲ್ಲಿ ನೆಲೆನಿಂತಿರುವ ವ್ಯಾಖ್ಯಾನ. ಸ್ವಿಟ್ಜರ್ಲೆಂಡ್ 2009ರಿಂದ, ಬಿಡುವ ಉದ್ದೇಶದಿಂದ ಹಿಡಿಯುವುದನ್ನೇ ನಿಷೇಧಿಸಿದೆ. ಅಮೆರಿಕದಲ್ಲಿ ಕರುಣೆಯೆನಿಸಿದ್ದು ಆಲ್ಪ್ಸ್ ಪರ್ವತಗಳ ನಾಡಿನಲ್ಲಿ ಅಪರಾಧವಾಗಿದೆ. 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಪ್ರಯೋಗದಲ್ಲಿ, ತುಟಿಗೆ ಜೇನ್ನೊಣದ ವಿಷವನ್ನೋ ಅಸಿಟಿಕ್ ಆಮ್ಲವನ್ನೋ ಚುಚ್ಚಿಸಿಕೊಂಡ ರೇನ್‌ಬೋ ಟ್ರೌಟ್‌ಗಳು ಬಹಳ ಹೊತ್ತು ಆಹಾರ ಮುಟ್ಟಲಿಲ್ಲ. ಆಮ್ಲ ತಗುಲಿದವು ತುಟಿಯನ್ನು ತಳದ ಗರಸಿಗೆ ಉಜ್ಜಿಕೊಂಡವು. ಮೀನಿನ ಮಿದುಳಿನಲ್ಲಿ ನೋವನ್ನು ಅನುಭವಿಸಲು ಬೇಕಾದ ರಚನೆಯೇ ಇಲ್ಲವೆಂದು ವಾದಿಸುವ ವಿಜ್ಞಾನಿಗಳೂ ಇದ್ದಾರೆ, ಚರ್ಚೆ ಮುಗಿದಿಲ್ಲ. ಆದರೆ ತುಟಿಯನ್ನು ಕಲ್ಲಿಗೆ ಉಜ್ಜುವ ಮೀನನ್ನು ಬರಿಯ ಸಂಕೇತವೆಂದು ಓದಲು ಸಾಹಿತ್ಯ ವಿಮರ್ಶಕನಿಗೆ ಯಾವ ಅಧಿಕಾರವಿದೆ?

ಈ ಹಂತದಲ್ಲಿ ಕನ್ನಡ ನಾಡಿನ ಎರಡು ಸಂಸ್ಕೃತ ಸಾಕ್ಷ್ಯಗಳನ್ನು ಎದುರಿಗಿಡುವುದು ಅಪ್ರಸ್ತುತವಾಗದು. ಟ್ರೌಟ್ ನಮ್ಮ ನೀರಿನ ಮೀನಲ್ಲ. ಬ್ರಿಟಿಷರು ತಮ್ಮ ಕ್ರೀಡೆಗಾಗಿ ಕಾಶ್ಮೀರಕ್ಕೆ 1900ರ ಸುಮಾರಿಗೆ, ನೀಲಗಿರಿಗೆ 20ನೆಯ ಶತಮಾನದ ಮೊದಲ ದಶಕದಲ್ಲಿ ಅದನ್ನು ತಂದು ನೆಲೆಗೊಳಿಸಿದರು. ಆದರೆ ಗಾಳವನ್ನು ಜೀವನೋಪಾಯವಾಗಿ ಅಲ್ಲದೆ ಸಂತೋಷಕ್ಕಾಗಿ ಹಾಕುವ ಬಗೆ ಇಲ್ಲಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ವಿನೋದಗಳಲ್ಲಿ ಮತ್ಸ್ಯವಿನೋದವೂ ಒಂದು. ಮೀನಿನ ಬಗೆಗಳು, ಅವು ಇರುವ ನೀರು, ಯಾವುದಕ್ಕೆ ಯಾವ ಆಹಾರ ಹಾಕಿ ಆಕರ್ಷಿಸಬೇಕು, ಗಾಳವನ್ನು ಹೇಗೆ ಹಾಕಬೇಕು ಇವೆಲ್ಲವೂ ಅಲ್ಲಿವೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯವನ್ನು ವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸಿ ಪ್ರಕಟಿಸುವವರೆಗೆ ಅದು ಸಂಸ್ಕೃತಜ್ಞರ ಸ್ವತ್ತಾಗಿಯೇ ಉಳಿದಿತ್ತು. ವಾಲ್ಟನ್‌ಗಿಂತ ಐದು ಶತಮಾನ ಮೊದಲೇ ನಮ್ಮಲ್ಲಿ ಇಂಥ ಬರಹವಿತ್ತೆಂದು ಹೆಮ್ಮೆಪಡುವುದಷ್ಟೇ ಇಲ್ಲಿಯ ಪ್ರಯೋಜನವಲ್ಲ. ಅಂಥ ಹೆಮ್ಮೆ ಸುಲಭ. ಸೋಮೇಶ್ವರನ ಪ್ರಾಮಾಣಿಕತೆ ಗಮನಾರ್ಹ. ಅವನು ಅದನ್ನು ವಿನೋದ ಎಂದೇ ಕರೆದ. ಅದನ್ನು ಧರ್ಮದ ಹತ್ತಿರಕ್ಕೆ ತಂದು ನಿಲ್ಲಿಸಲಿಲ್ಲ, ಧ್ಯಾನವೆನ್ನಲಿಲ್ಲ. ಮಿಸೂಲದ ಪಾದ್ರಿಗೆ ಇಲ್ಲದ ಸ್ಪಷ್ಟತೆ ಕಲ್ಯಾಣದ ಅರಸನಿಗಿತ್ತು.

ಎರಡನೆಯದು ಮೃಗಸೇನನ ಕಥೆ. ಹರಿಷೇಣನ ‘ಬೃಹತ್ಕಥಾಕೋಶ’ದಲ್ಲಿ, 959ರಲ್ಲಿ ಮುಗಿದ ಸೋಮದೇವನ ‘ಯಶಸ್ತಿಲಕ ಚಂಪು’ವಿನಲ್ಲಿ ಇದು ಬರುತ್ತದೆ. ಸೋಮದೇವ ಬರೆದದ್ದು ಪಂಪನಿಗೆ ಆಶ್ರಯವಿತ್ತ ವೇಮುಲವಾಡದ ಚಾಲುಕ್ಯ ಮನೆತನದ ಆಳಿಕೆಯಲ್ಲೇ ಎಂಬುದನ್ನು ಕನ್ನಡದ ಅಭ್ಯಾಸಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೃಗಸೇನ ಅವಂತಿ ದೇಶದ ಬೆಸ್ತ. ಬಲೆ ಹೊತ್ತು ನದಿಗೆ ಹೋಗುವ ದಾರಿಯಲ್ಲಿ ಮುನಿಯೊಬ್ಬರನ್ನು ಕಂಡು ವ್ರತ ಬೇಡುತ್ತಾನೆ. ಕಸುಬು ಬಿಡು ಎಂದು ಮುನಿ ಹೇಳುವುದಿಲ್ಲ. ಇಂದು ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲದೆ ಬಿಡು ಎನ್ನುತ್ತಾರೆ. ಅವನಿಂದ ಸಾಧ್ಯವಾದಷ್ಟೇ ಸಣ್ಣ ವ್ರತ. ಮೊದಲು ಬಿದ್ದದ್ದು ದೊಡ್ಡದೊಂದು ಮೀನು. ಗುರುತಿಗಾಗಿ ಬಟ್ಟೆಯ ಚೂರೊಂದನ್ನು ಅದಕ್ಕೆ ಕಟ್ಟಿ ಬಿಡುತ್ತಾನೆ. ಮತ್ತೆ ಬಲೆ ಬೀಸಿದರೆ ಅದೇ ಮೀನು. ಹೀಗೆ ಐದು ಬಾರಿ. ಸಂಜೆಗೆ ಬರಿಗೈಯಲ್ಲಿ ಮನೆಗೆ ಬಂದವನಿಗೆ ಹೆಂಡತಿ ಬಾಗಿಲು ತೆರೆಯುವುದಿಲ್ಲ. ಹೊರಗೆ ಮಲಗಿದ ಅವನನ್ನು ಆ ರಾತ್ರಿ ಹಾವು ಕಚ್ಚುತ್ತದೆ. ಮುಂದಿನ ಜನ್ಮದಲ್ಲಿ ಅವನು ಐದು ಬಾರಿ ಸಾವಿನಿಂದ ಪಾರಾಗುವುದು ಕಥೆಯ ಉತ್ತರಾರ್ಧ.

ಈ ಕಥೆಯನ್ನು ಅಹಿಂಸೆಯ ಫಲ ಹೇಳುವ ನೀತಿಕಥೆಯೆಂದು ಓದುವುದು ವಾಡಿಕೆ. ಅದರ ನಡುಭಾಗದಲ್ಲಿರುವ ಸಂಸಾರದ ಚಿತ್ರಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಬಾಗಿಲು ಹಾಕಿಕೊಂಡ ಹೆಂಡತಿಯನ್ನು ಕೆಟ್ಟವಳೆಂದು ತಳ್ಳಿಬಿಡುವುದು ಸುಲಭ. ಆದರೆ ಅಂದಿನ ಒಲೆ ಉರಿಯಬೇಕಾದದ್ದು ಆ ಮೀನಿನಿಂದ. ಗಂಡ ಬಿಟ್ಟ ಮೀನು ಅವಳ ಪಾಲಿಗೆ ರಾತ್ರಿಯ ಉಪವಾಸ. ಮೃಗಸೇನ ವ್ರತವನ್ನು ತನ್ನೊಬ್ಬನಿಗಾಗಿ ತೆಗೆದುಕೊಂಡರೂ ಅದರ ಬೆಲೆಯನ್ನು ಮನೆಯವಳೂ ತೆರಬೇಕಾಯಿತು, ಅವಳನ್ನು ಯಾರೂ ಕೇಳಿರಲಿಲ್ಲ. ಕಥೆಗಾರರು ಇದನ್ನು ಮುಚ್ಚಿಡಲಿಲ್ಲ. ಮೊಂಟಾನದ ನದಿಯಲ್ಲಿ ಹತ್ತು ಮೀನು ಹಿಡಿದು ಹತ್ತನ್ನೂ ಬಿಡುವವನಿಗೆ ಯಾವ ನಷ್ಟವೂ ಇಲ್ಲ. ಅವನ ಊಟ ಬೇರೆಡೆಯಿಂದ ಬಂದಿರುತ್ತದೆ. ಅವನ ಬಿಡುಗಡೆಯಿಂದ ನಾಳೆಯೂ ಅದೇ ಮೀನನ್ನು ಹಿಡಿಯುವ ಅವಕಾಶ ಉಳಿಯುತ್ತದೆ, ವುಲ್ಫ್‌ನ ವಾದದ ತಿರುಳೇ ಅದು. ಒಂದೇ ಮೀನು ಐದು ಬಾರಿ ಕೈಗೆ ಬರುವುದು ಒಬ್ಬನಿಗೆ ಸೊಗಸಾದ ದಿನ, ಇನ್ನೊಬ್ಬನಿಗೆ ಅಗ್ನಿಪರೀಕ್ಷೆ. ಕ್ರಿಯೆ ಒಂದೇ ಎಂಬ ಕಾರಣಕ್ಕೆ ಎರಡನ್ನೂ ಕರುಣೆ ಎಂಬ ಒಂದೇ ಹೆಸರಿನಿಂದ ಕರೆಯುವುದು ವಿಮರ್ಶೆಯ ಆಲಸ್ಯ.

ಹಾಗೆಂದು ಚಳಿಗಾಲದ ಆ ಸಂಸಾರಗಳನ್ನು ಆಷಾಢಭೂತಿಗಳೆಂದು ಹೀಗಳೆಯುವುದೂ ಸರಿಯಲ್ಲ. ನಷ್ಟವನ್ನು ಒಪ್ಪಿಕೊಂಡು ಅವರು ಪಾಲಿಸುವ ನಿಯಮವೊಂದು ಇದೆ. ಅದು ಮೀನನ್ನು ಬಿಡುವುದಕ್ಕಿಂತ ದೊಡ್ಡದು. ಕಂದು ಟ್ರೌಟ್ ಮೊಟ್ಟೆಯಿಡುವುದು ಶರತ್ಕಾಲದಲ್ಲಿ. ಹೆಣ್ಣುಮೀನು ಓರೆಯಾಗಿ ತಿರುಗಿ, ಬಾಲದ ಬಡಿತದಿಂದ ತಳದ ಗರಸನ್ನು ತೋಡಿ, ಕುಳಿಯಲ್ಲಿ ಮೊಟ್ಟೆಯಿಟ್ಟು, ಮೇಲುಭಾಗದ ಗರಸನ್ನು ಕೆದಕಿ ಮುಚ್ಚುತ್ತದೆ. ಚಳಿಗಾಲವಿಡೀ ಮೊಟ್ಟೆಗಳು ಆ ಕಲ್ಲುಗಳ ಸಂದಿಯಲ್ಲಿ ಹರಿಯುವ ನೀರಿನಿಂದ ಉಸಿರು ಪಡೆಯುತ್ತ ಕಾಯುತ್ತವೆ. ಹೊರಗಿನಿಂದ ಕಾಣುವುದು ಸುತ್ತಲಿನ ಪಾಚಿಗಪ್ಪಿನ ನಡುವೆ ತೊಳೆದಂತೆ ಬೆಳ್ಳಗಿರುವ ಒಂದು ಗರಸಿನ ಹಾಸು ಮಾತ್ರ. ಅದರ ಮೇಲೆ ಒಂದು ಹೆಜ್ಜೆಯಿಟ್ಟರೆ ಎಷ್ಟೋ ಮೊಟ್ಟೆಗಳು ನುಗ್ಗಾಗುತ್ತವೆ. ಇಟ್ಟವನಿಗೆ ಅರಿವೂ ಆಗುವುದಿಲ್ಲ. ಕೊಕ್ಕೆಗೆ ಬಿದ್ದ ಮೀನು ಕಣ್ಣೆದುರು ಒದ್ದಾಡಿ ದಯೆಯನ್ನು ಎಬ್ಬಿಸುತ್ತದೆ, ಗರಸಿನಡಿಯ ಮೊಟ್ಟೆಗೆ ಆ ಶಕ್ತಿಯಿಲ್ಲ. ಕಾಣದ ಜೀವವನ್ನು ಕುರಿತ ಈ ಎಚ್ಚರ ಈರ್ಯಾಸಮಿತಿಯ ಪಾಠ ಕೇಳಿದ ಕಿವಿಗಳಿಗೆ ಅಪರಿಚಿತವೆನಿಸದು. ನೆಲವನ್ನು ನೋಡಿ ಹೆಜ್ಜೆಯಿಡು ಎಂಬ ಆ ಮಾತನ್ನು ಮೊಂಟಾನದ ತಾಯಿಯೊಬ್ಬಳು ಬೇರೊಂದು ಭಾಷೆಯಲ್ಲಿ ತನ್ನ ಮಗುವಿಗೆ ಹೇಳುತ್ತಿರುತ್ತಾಳೆ. ಇದನ್ನು ಸಾಮ್ಯವೆಂದು ಮಾತ್ರ ಹೇಳಬಹುದು, ಪ್ರಭಾವವೆನ್ನಲಾಗದು. ತೌಲನಿಕ ಅಧ್ಯಯನದಲ್ಲಿ ಈ ಎರಡನ್ನು ಕಲಸಿ ಬರೆಯುವ ಚಟ ಹೆಚ್ಚುತ್ತಿರುವುದರಿಂದ ಇಷ್ಟನ್ನು ಸ್ಪಷ್ಟಪಡಿಸಬೇಕಾಗಿದೆ.

ಬೆಳ್ಳಗಿನ ಗರಸಿನ ಹಾಸು ಹೆಚ್ಚಾಗಿ ಇರುವುದು ನದಿ ತೆಳುವಾಗಿ ಹರಿಯುವ ಕಡೆ, ಎಂದರೆ ಎಳೆಯರು ನಡೆದು ದಾಟಬಲ್ಲ ಕಡೆ. ಅದರಾಚೆಯ ಮಡುವಿನಲ್ಲಿ ಮೀನು ಇದೆಯೆಂದು ಎಲ್ಲರಿಗೂ ಗೊತ್ತು. ದಾಟದಿದ್ದರೆ ಆ ದಿನದ ಗಾಳ ಮುಗಿದಂತೆ; ಬಿಸಿಲಿರುವುದೇ ಮೂರು ಗಂಟೆ, ಅದಕ್ಕಾಗಿ ಎಷ್ಟೋ ಮೈಲಿ ಹಿಮದ ದಾರಿಯಲ್ಲಿ ಬಂದಿರುತ್ತಾರೆ. ತಂದೆ ಕೋಲನ್ನು ಮಡಿಸಿ ಚೀಲಕ್ಕೆ ಸೇರಿಸುತ್ತಾನೆ. ಮಕ್ಕಳು ಮುಖ ಊದಿಸಿಕೊಂಡು ಕಾರಿನ ಕಡೆಗೆ ನಡೆಯುತ್ತಾರೆ. ಯಾರೂ ಏನೂ ಹಿಡಿದಿಲ್ಲ, ಆದ್ದರಿಂದ ಬಿಟ್ಟದ್ದೂ ಇಲ್ಲ. ಅವರು ಮನೆ ಸೇರುವ ಹೊತ್ತಿಗೆ ಕತ್ತಲಾಗಿರುತ್ತದೆ. ಒಳಗೆ ದೀಪವಿರುತ್ತದೆ, ಒಲೆಯ ಮೇಲೆ ಸಾರು ಕುದಿಯುತ್ತಿರುತ್ತದೆ, ಬಾಗಿಲು ತೆರೆದೇ ಇರುತ್ತದೆ.